ಪುಟಾಣಿಗಳ ಪ್ರಾಜೆಕ್ಟ್: ಥರ್ಮಾಕೋಲ್ ಇಲ್ಲದೆಯೂ ಆಗುತ್ತದೆ

ಎಲ್‌ಕೆಜಿ ಮಗುವಿಗೆ ಪ್ರಾಜೆಕ್ಟ್ ಕೊಟ್ಟರೆಂದರೆ ಅಪ್ಪ-ಅಮ್ಮ ರಾತ್ರಿ ಥರ್ಮಾಕೋಲ್, ಅಂಟು ಹಿಡಿದು ಕೂರುವುದು ನಮ್ಮಲ್ಲಿ ರೂಢಿ. ನಿಜವಾದ ಪ್ರಾಜೆಕ್ಟ್ ಕಲಿಕೆಗೆ ಮಾಡೆಲ್ ಬೇಕೇಬೇಕೆಂದಿಲ್ಲ. ಮಕ್ಕಳದೇ ಪ್ರಶ್ನೆ ಮಾತ್ರ ಬೇಕೇಬೇಕು. ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲೇ ಈ ಪದ್ಧತಿಯ ಬಗ್ಗೆ ಬರೆದರು. 1989ರಲ್ಲಿ ಲಿಲಿಯನ್ ಕಾಟ್ಜ್ ಮತ್ತು ಸಿಲ್ವಿಯಾ ಚಾರ್ಡ್ ತಮ್ಮ ಪುಸ್ತಕದಲ್ಲಿ ಅದನ್ನು ಪುಟ್ಟ ಮಕ್ಕಳಿಗೆ ಒಗ್ಗುವಂತೆ ವಿವರಿಸಿದರು. ಅದರಲ್ಲಿ ಮೂರು ಹಂತ.

ವಿಷಯ ನಡೆದು ಹೋಗುವಷ್ಟು ಹತ್ತಿರದ್ದಾಗಿರಲಿ, ಮುಟ್ಟಿ ನೋಡುವಂತಿರಲಿ. ಡೈನೋಸಾರ್‌ಗಿಂತ ಬೀದಿ ಕೊನೆಯ ಹೂವಿನ ಅಂಗಡಿ ವಾಸಿ.

ಮೊದಲ ಹಂತ: ಗೊತ್ತಿರುವುದು. ಮಕ್ಕಳು ಹೇಳಿದ್ದನ್ನು ಟೀಚರ್ ಹಾಗೇ ಬರೆದುಕೊಳ್ಳುತ್ತಾರೆ. ‘ಮಲ್ಲಿಗೆ ಅಂಗಡೀಲೇ ಬೆಳೆಯುತ್ತೆ’ ಎಂದರೂ ತಿದ್ದುವುದಿಲ್ಲ. ಆಮೇಲೆ ಪ್ರಶ್ನೆಗಳ ಪಟ್ಟಿ: ನೀರು ಯಾಕೆ ಚಿಮುಕಿಸ್ತಾರೆ? ಉಳಿದ ಹೂ ಏನಾಗುತ್ತೆ?

ಎರಡನೆಯದು: ಹುಡುಕಾಟ. ಹೆಚ್ಚು ದಿನ ಹಿಡಿಯುವುದು ಇದೇ. ಟೀಚರ್ ಮುಂಚೆಯೇ ಹೋಗಿ ಅಂಗಡಿಯಮ್ಮನ ಬಿಡುವಿನ ಹೊತ್ತು ಕೇಳಿ ಬರಬೇಕು. ಸಣ್ಣ ಗುಂಪುಗಳಲ್ಲಿ ಹೋದ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಅಲ್ಲೇ ಕೂತು ಚಿತ್ರ ಬಿಡಿಸುತ್ತಾರೆ. ಮರಳಿದ ಮೇಲೆ ಒಂದೇ ದಾರವನ್ನು ಟೀಚರ್ ಮೊಳ ಹಾಕಿದರೆ ಒಂದು ಲೆಕ್ಕ, ಮಗು ಹಾಕಿದರೆ ಇನ್ನೊಂದು. ಯಾಕೆ ಹೀಗೆ ಎಂಬ ಚರ್ಚೆಯಲ್ಲೇ ಅಳತೆಯ ಪಾಠ ಶುರು. ಒಂದು ಹೂ ಒದ್ದೆ ಬಟ್ಟೆಯಲ್ಲಿ, ಇನ್ನೊಂದು ಬಿಸಿಲಲ್ಲಿ ಇಟ್ಟರೆ ನೀರಿನ ಪ್ರಶ್ನೆಗೂ ಉತ್ತರ ಕಾಣುತ್ತದೆ. ತರಗತಿಯ ಮೂಲೆಯಲ್ಲಿ ಅಂಗಡಿಯಾಟ ಹೂಡಿದರೆ ಬೋರ್ಡಿಗೆ ಅಕ್ಷರ ಬೇಕು, ಚಿಲ್ಲರೆಗೆ ಎಣಿಕೆ ಬೇಕು.

ಮೂರನೆಯದು: ಹೇಳಿಕೊಳ್ಳುವುದು. ಮನೆಯವರನ್ನು ಕರೆದು ಮಕ್ಕಳೇ ವಿವರಿಸುತ್ತಾರೆ. ಮೊದಲು ಬಿಡಿಸಿದ ಚಿತ್ರ, ನಂತರದ ಚಿತ್ರ ಪಕ್ಕಪಕ್ಕ ಅಂಟಿಸಿದರೆ ಕಲಿಕೆ ಕಣ್ಣಿಗೇ ಕಾಣುತ್ತದೆ. ಬೇರೆ ಪರೀಕ್ಷೆ ಬೇಕಿಲ್ಲ.

ಹಾಗೆಂದು ಅಕ್ಷರ, ಎಣಿಕೆಯ ಅಭ್ಯಾಸ ಬಿಡುವಂತಿಲ್ಲ. ಕ್ರಮಬದ್ಧ ಬೋಧನೆ ಜೊತೆಗಿರಬೇಕು ಎಂಬುದು ಕಾಟ್ಜ್, ಚಾರ್ಡ್ ಅವರ ನಿಲುವೂ ಹೌದು. ಮೂರರಿಂದ ಎಂಟು ವರ್ಷದವರಿಗೆ ಆಟ, ಚಟುವಟಿಕೆಗಳ ಮೂಲಕ ಕಲಿಸಬೇಕೆನ್ನುವ 2020ರ ರಾಷ್ಟ್ರೀಯ ಶಿಕ್ಷಣ ನೀತಿಗೂ ಪ್ರಾಜೆಕ್ಟ್ ಪದ್ಧತಿ ಹೊಂದುತ್ತದೆ.

ಅವಧಿ ಎಷ್ಟು? ಪ್ರಶ್ನೆಗಳು ಹುಟ್ಟುತ್ತಿರುವವರೆಗೆ. ಮಕ್ಕಳ ಆಸಕ್ತಿ ಇಳಿದರೆ ಎಳೆದಾಡದೆ ಮೂರನೇ ಹಂತಕ್ಕೆ ಹೋಗಿ. ಮನೆಯವರು ಸಾಮಾನು ಒದಗಿಸಲಿ, ಮಾತಿಗೆ ಕಿವಿಗೊಡಲಿ; ಕತ್ತರಿ ಮಾತ್ರ ಮಗುವಿನ ಕೈಯಲ್ಲೇ ಇರಲಿ.