ಆಂಡ್ರೊಮಿಡಾ ಮತ್ತು ಅದರ ನೆರೆಹೊರೆ

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಹೋದವರು ಮನೆಗೆ ಮರಳಲು ಒಂದು ತಾಸು ತಡಮಾಡಿದರೆ ನಷ್ಟವೇನಿಲ್ಲ. ಚಂದ್ರನಿಲ್ಲದ ರಾತ್ರಿ, ಮೋಡವಿಲ್ಲದ ಚಳಿಗಾಲ. ನಿಡಗುಂದಿ ಪೇಟೆಯ ದೀಪ, ಹೆದ್ದಾರಿಯ ಲಾರಿಗಳ ಬೆಳಕು, ಆಲಮಟ್ಟಿ ಉದ್ಯಾನದ ಝಗಮಗ ಯಾವುದೂ ಕಣ್ಣಿಗೆ ಹೊಡೆಯದ ಬಿಳಿಜೋಳದ ಹೊಲದಲ್ಲಿ ನಿಂತು ಉತ್ತರಕ್ಕೆ ಮುಖಮಾಡಿ. ದಿಗಂತದಿಂದ ನೆತ್ತಿಯವರೆಗಿನ ಎತ್ತರದಲ್ಲಿ ಮುಕ್ಕಾಲು ಪಾಲು ಏರಿದರೆ ಮಸುಕಾದ ಒಂದು ಬೆಳಕಿನ ಕಲೆ ಸಿಗುತ್ತದೆ. ಅದು ಆಂಡ್ರೊಮಿಡಾ, ನಮ್ಮ ಆಕಾಶಗಂಗೆಗೆ ಅತಿ ಹತ್ತಿರದ ದೊಡ್ಡ ಸುರುಳಿ ಗೆಲಾಕ್ಸಿ. ಅಲ್ಲಿಂದ ಹೊರಟ ಬೆಳಕು ಈ ಹೊಲ ಮುಟ್ಟಲು ಸುಮಾರು 25 ಲಕ್ಷ ವರ್ಷ ಬೇಕು.

ಹುಡುಕುವ ದಾರಿ ಸುಲಭ. ಪೂರ್ವಾಭಾದ್ರ, ಉತ್ತರಾಭಾದ್ರಗಳ ನಾಲ್ಕು ನಕ್ಷತ್ರಗಳು ಸೇರಿ ದೊಡ್ಡದೊಂದು ಚೌಕ ಆಗುತ್ತದೆ. ಅದರ ಈಶಾನ್ಯ ಮೂಲೆಯಿಂದ ಮುಂದಕ್ಕೆ ಎರಡನೆಯ ನಕ್ಷತ್ರ ಮಿರಾಕ್. ಅಲ್ಲಿಂದ ಕ್ಯಾಸಿಯೋಪಿಯಾ ನಕ್ಷತ್ರಪುಂಜದ ಕಡೆ ತಿರುಗಿ ಎರಡು ಮಂಕು ನಕ್ಷತ್ರ ದಾಟಿದರೆ, ಎರಡನೆಯದರ ಪಕ್ಕದಲ್ಲೇ ಗೆಲಾಕ್ಸಿ. ಬರಿಗಣ್ಣಿಗೆ ಕಾಣುವುದು ಅದರ ನಡುಭಾಗ ಮಾತ್ರ. ಹೆಚ್ಚು ಹೊತ್ತು ತೆಗೆದ ಫೋಟೋದಲ್ಲಿ ಅದರ ಉದ್ದ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು.

ಅದೇ ಫೋಟೋದಲ್ಲಿ ಇನ್ನೆರಡು ಚಿಕ್ಕ ಬೆಳಕುಗಳೂ ಇರುತ್ತವೆ. ಅವು ಆಂಡ್ರೊಮಿಡಾವನ್ನು ಸುತ್ತುವ ಕಿರು ಗೆಲಾಕ್ಸಿಗಳು: ಎಂ32 ಮತ್ತು ಎಂ110. ಎಂ32ನ್ನು 1749ರಲ್ಲಿ ಮೊದಲು ಗುರುತಿಸಿದವನು ಫ್ರಾನ್ಸಿನ ಲ ಜಾಂಟಿ. ಶುಕ್ರ ಸಂಕ್ರಮಣ ನೋಡಲೆಂದು ಭಾರತದತ್ತ ಹೊರಟು, ಯುದ್ಧದಿಂದಾಗಿ 1761ರಲ್ಲಿ ಪುದುಚೇರಿಗೆ ಇಳಿಯಲಾಗದೆ, 1769ರಲ್ಲಿ ಅಲ್ಲೇ ಕಾದು ಕುಳಿತಾಗ ಮೋಡ ಮುಚ್ಚಿ ಸೋತವನು ಇವನೇ. ಇಂಥ ಕಿರು ಗೆಲಾಕ್ಸಿಗಳು ಆಂಡ್ರೊಮಿಡಾದ ಸುತ್ತ ಮೂವತ್ತಕ್ಕೂ ಹೆಚ್ಚು ಪತ್ತೆಯಾಗಿವೆ. ದೊಡ್ಡದನ್ನು ಅರಿಯಲು ಖಗೋಳಶಾಸ್ತ್ರಕ್ಕೆ ದಾರಿ ತೋರಿದ್ದು ಬಹುಪಾಲು ಇಂಥ ಚಿಕ್ಕವೇ.

ಮೊದಲ ಸಾಕ್ಷಿ ದೂರದ ಲೆಕ್ಕ. ನೂರು ವರ್ಷದ ಹಿಂದೆ ಆಂಡ್ರೊಮಿಡಾ ನಮ್ಮ ಗೆಲಾಕ್ಸಿಯೊಳಗಿನ ಅನಿಲದ ಮೋಡವೋ ಹೊರಗಿನ ಬೇರೆ ಲೋಕವೋ ಎಂಬುದೇ ತಕರಾರಾಗಿತ್ತು. ಅದನ್ನು ಬಗೆಹರಿಸಿದ ಅಳತೆಗೋಲು ಸಿಕ್ಕಿದ್ದು ಆಕಾಶಗಂಗೆಯ ನೆರೆಯ ಕಿರು ಗೆಲಾಕ್ಸಿಯಾದ ಕಿರಿ ಮೆಜೆಲಾನಿಕ್ ಮೋಡದಲ್ಲಿ. ಸೆಫೀಡ್ ಎಂಬ ನಕ್ಷತ್ರಗಳ ಬೆಳಕು ನಿಯತವಾಗಿ ಏರಿಳಿಯುತ್ತದೆ. ಆ ಏರಿಳಿತ ನಿಧಾನವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು ಎಂದು ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿದರು. ನಿಜವಾದ ಪ್ರಕಾಶ ಗೊತ್ತಾದರೆ, ಕಾಣುವ ಮಂಕಿನಿಂದ ದೂರ ಲೆಕ್ಕಹಾಕಬಹುದು. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಇಂಥದೊಂದು ಸೆಫೀಡ್ ಹಿಡಿದರು. ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಎಂದು ಬಂತು. ಸೆಫೀಡ್‌ಗಳಲ್ಲಿ ಎರಡು ಬಗೆಯಿದೆ ಎಂದು ಆಮೇಲೆ ತಿಳಿದು ಆ ಅಂಕಿ ಬೆಳೆಯಿತಾದರೂ, ತಕರಾರು ಅಲ್ಲಿಗೇ ಮುಗಿದಿತ್ತು. ಅಳತೆಗೋಲು ಕೊಟ್ಟ ಆ ಕಿರಿ ಮೋಡ ನಿಡಗುಂದಿಯವರ ಪಾಲಿಗೆ ಇಲ್ಲವೆಂದೇ ಹೇಳಬೇಕು. ದಕ್ಷಿಣ ದಿಗಂತದಿಂದ ಅದು ಒಂದು ಡಿಗ್ರಿಯಷ್ಟೂ ಮೇಲೇಳುವುದಿಲ್ಲ. ಅದರ ಅಣ್ಣ ಹಿರಿ ಮೆಜೆಲಾನಿಕ್ ಮೋಡ ಏರುವುದು ನಾಲ್ಕೇ ಡಿಗ್ರಿ. ಹತ್ತಿರದವು ದಿಗಂತದ ದೂಳಿನಲ್ಲಿ ಮರೆಯಾಗಿ, ಹತ್ತು ಪಟ್ಟಿಗೂ ದೂರದ ಆಂಡ್ರೊಮಿಡಾ ಮೇಲೆ ನಿಲ್ಲುತ್ತದೆ.

ಎರಡನೆಯ ಸಾಕ್ಷಿ ಎಂ32. ಅದರ ಗಾತ್ರ ತೀರಾ ಚಿಕ್ಕದು, ಆದರೆ ನಕ್ಷತ್ರಗಳ ದಟ್ಟಣೆ ವಿಪರೀತ. 2018ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ರಿಚರ್ಡ್ ಡಿಸೋಜಾ ಮತ್ತು ಎರಿಕ್ ಬೆಲ್ ಇದಕ್ಕೊಂದು ವಿವರಣೆ ಕೊಟ್ಟರು: ಎಂ32 ಒಂದು ಕಾಲಕ್ಕೆ ದೊಡ್ಡ ಗೆಲಾಕ್ಸಿಯೇ ಆಗಿತ್ತು. ಸುಮಾರು 200 ಕೋಟಿ ವರ್ಷದ ಹಿಂದೆ ಆಂಡ್ರೊಮಿಡಾ ಅದನ್ನು ಸೆಳೆದು ಹೊರಗಿನ ನಕ್ಷತ್ರಗಳನ್ನೆಲ್ಲ ಕಿತ್ತುಕೊಂಡಿತು; ಮಾವು ತಿಂದ ಮೇಲೆ ಉಳಿಯುವ ಓಟೆಯಂತೆ ಗಟ್ಟಿ ತಿರುಳು ಮಾತ್ರ ಉಳಿಯಿತು. ಕಿತ್ತುಕೊಂಡ ನಕ್ಷತ್ರಗಳು ಆಂಡ್ರೊಮಿಡಾದ ಹೊರವಲಯದಲ್ಲಿ ಇಂದಿಗೂ ಚದುರಿವೆ ಎಂಬುದು ಅವರ ವಾದ. ಇನ್ನೊಂದು ವಾದವೂ ಇದೆ. ಆಂಡ್ರೊಮಿಡಾದ ಸುರುಳಿ ತೋಳುಗಳು ಅಚ್ಚುಕಟ್ಟಾಗಿಲ್ಲ, ಅಲ್ಲಲ್ಲಿ ಉಂಗುರಗಳಾಗಿ ಮುರಿದಿವೆ. ಸುಮಾರು 21 ಕೋಟಿ ವರ್ಷದ ಹಿಂದೆ ಎಂ32 ಅದರ ತಟ್ಟೆಯನ್ನು ನಡುವೆಯೇ ತೂರಿಹೋದದ್ದರಿಂದ ಹೀಗಾಯಿತು ಎಂದು 2006ರ ಒಂದು ಅಧ್ಯಯನ ಹೇಳಿತು. ಎರಡರಲ್ಲಿ ಯಾವುದು ಗೆದ್ದರೂ, ದೊಡ್ಡದರ ಆಕಾರ ತಿದ್ದಿದ ಕೈ ಚಿಕ್ಕದರದ್ದೇ.

ಆ ಉಂಗುರಗಳಲ್ಲಿ ಹೊಸ ನಕ್ಷತ್ರ ಹುಟ್ಟುತ್ತಿವೆಯೇ ಎಂದು ನೋಡಲು ಅತಿನೇರಳೆ ಬೆಳಕು ಬೇಕು. ಎಳೆಯ, ಭಾರಿ, ಬಿಸಿ ನಕ್ಷತ್ರಗಳು ಹೆಚ್ಚು ಬೆಳಗುವುದು ಅದರಲ್ಲಿ. ಅವುಗಳ ಆಯುಷ್ಯ ಕಡಿಮೆ; ಆದ್ದರಿಂದ ಅವು ಕಂಡಲ್ಲಿ ಹುಟ್ಟು ಇತ್ತೀಚಿನದೇ. ಭೂಮಿಯ ವಾತಾವರಣ ಈ ಬೆಳಕನ್ನು ತಡೆಯುವುದರಿಂದ ಬಾಹ್ಯಾಕಾಶಕ್ಕೇ ಹೋಗಬೇಕು. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕ ಈ ಕೆಲಸಕ್ಕೆ ಸಿಕ್ಕಿತು. ಅದನ್ನು ಕಟ್ಟುವ ಮುಂದಾಳತ್ವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು; ಜೋಡಣೆ ನಡೆದದ್ದು ಹೊಸಕೋಟೆಯ ಅದರ ಆವರಣದಲ್ಲಿ. ಒಂದು ನೋಟಕ್ಕೆ ಇದು ಹಿಡಿಯುವ ಆಕಾಶ ಹುಣ್ಣಿಮೆ ಚಂದ್ರನಿಗಿಂತ ತುಸು ಚಿಕ್ಕದು. ಹಾಗಾಗಿ ಆಂಡ್ರೊಮಿಡಾವನ್ನು ತುಂಡು ತುಂಡಾಗಿ ಚಿತ್ರಿಸಿ ಕೂಡಿಸಬೇಕಾಯಿತು. ಕೆನಡಾದ ಡೆನಿಸ್ ಲೇಹಿ ತಂಡ ಈ ಸಮೀಕ್ಷೆ ನಡೆಸಿತು. ಅಮೆರಿಕದ ಹಿಂದಿನ ಗೇಲೆಕ್ಸ್ ದೂರದರ್ಶಕಕ್ಕೆ ಒಂದೇ ಚುಕ್ಕೆಯಾಗಿ ಕಂಡ ನಕ್ಷತ್ರ ಗುಂಪುಗಳು ಇದರಲ್ಲಿ ಬಿಡಿಬಿಡಿಯಾಗಿ ಕಂಡವು.

ಇನ್ನು ಮುಂದಿನ ಕತೆ. ಆಂಡ್ರೊಮಿಡಾ ನಮ್ಮತ್ತ ಬರುತ್ತಿದೆ ಎಂದು ವೆಸ್ಟೊ ಸ್ಲೈಫರ್ 1912ರಲ್ಲೇ ಅಳೆದಿದ್ದರು. ಸೂರ್ಯನ ಚಲನೆ ಕಳೆದರೆ ಎರಡು ಗೆಲಾಕ್ಸಿಗಳು ಹತ್ತಿರವಾಗುವ ವೇಗ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್. ಸುಮಾರು 400 ಕೋಟಿ ವರ್ಷದಲ್ಲಿ ಡಿಕ್ಕಿ ಖಚಿತ ಎಂದು 2012ರಲ್ಲಿ ಹಬಲ್ ದೂರದರ್ಶಕದ ಅಳತೆ ಆಧರಿಸಿ ಸಾರಲಾಯಿತು. ಡಿಕ್ಕಿ ಎಂದರೂ ನಕ್ಷತ್ರಕ್ಕೆ ನಕ್ಷತ್ರ ಬಡಿಯುವುದಿಲ್ಲ. ನಡುವಿನ ಜಾಗ ಅಷ್ಟು ದೊಡ್ಡದು. ಆದರೆ 2025ರಲ್ಲಿ ಫಿನ್ಲೆಂಡಿನ ಟಿಲ್ ಸಾವಾಲಾ ಮತ್ತು ಸಂಗಡಿಗರು ನೆರೆಹೊರೆಯನ್ನೂ ಲೆಕ್ಕಕ್ಕೆ ಸೇರಿಸಿ ನೋಡಿದಾಗ ಆ ಖಚಿತತೆ ಅಲುಗಿತು. ಆಂಡ್ರೊಮಿಡಾದ ಸಂಗಾತಿ, ಮಿರಾಕ್‌ನ ಆಚೆ ಬದಿಗಿರುವ ಎಂ33 ಸುರುಳಿ ಗೆಲಾಕ್ಸಿಯ ಸೆಳೆತ ಡಿಕ್ಕಿಯ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ನಮ್ಮ ಹಿರಿ ಮೆಜೆಲಾನಿಕ್ ಮೋಡ ಆಕಾಶಗಂಗೆಯನ್ನು ಅಡ್ಡಕ್ಕೆ ಎಳೆದು ಅದನ್ನು ತಗ್ಗಿಸುತ್ತದೆ. ಎರಡೂ ಸೇರಿ, ಮುಂದಿನ 1,000 ಕೋಟಿ ವರ್ಷದಲ್ಲಿ ಈ ಗೆಲಾಕ್ಸಿಗಳು ಒಂದಾಗುವ ಸಂಭವ ಅರ್ಧಕ್ಕರ್ಧ ಎಂದಾಯಿತು. ಇದನ್ನು ಇನ್ನಷ್ಟು ಗಟ್ಟಿಮಾಡಲು ಎರಡು ಹಿರಿಯ ಗೆಲಾಕ್ಸಿಗಳನ್ನಷ್ಟೇ ಮತ್ತೆ ಮತ್ತೆ ಅಳೆದರೆ ಸಾಲದು. ಎಂ33 ಯಾವ ಕಡೆ ಸಾಗುತ್ತಿದೆ, ನಿಡಗುಂದಿಯ ದಿಗಂತದಲ್ಲಿ ಮರೆಯಾಗುವ ಆ ಹಿರಿ ಮೋಡದ ತೂಕ ಎಷ್ಟು ಎಂಬ ಲೆಕ್ಕವೂ ಸರಿಯಾಗಿ ಸಿಗಬೇಕು.