ಮುಟ್ಟುವ ಮುನ್ನ

ಕಬಡ್ಡಿಯ ಅಂಕಣದ ಸುತ್ತ ನೆರೆದ ಜನ ಚಪ್ಪಾಳೆ ತಟ್ಟುವುದು ಎರಡೇ ಸಂದರ್ಭಗಳಲ್ಲಿ. ದಾಳಿಗೆ ಹೋದವನು ಎದುರಾಳಿಯನ್ನು ಮುಟ್ಟಿ ನಡುಗೆರೆಯತ್ತ ಹಾರಿ ಬಿದ್ದಾಗ ಒಮ್ಮೆ. ಅವನನ್ನು ಎದುರು ಪಕ್ಷದವರು ಸೇರಿ ನೆಲಕ್ಕೆ ಕೆಡವಿದಾಗ ಇನ್ನೊಮ್ಮೆ. ಎರಡೂ ಕಣ್ಣುಮಿಟುಕಿನಲ್ಲಿ ಮುಗಿದುಹೋಗುವ ಸಂಗತಿಗಳು. ಅದಕ್ಕೆ ಮುನ್ನ ಆ ಒಂಟಿ ಆಟಗಾರ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತೂಗಾಡುತ್ತ, ಒಂದು ಹೆಜ್ಜೆ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತ ಏನು ಮಾಡುತ್ತಿದ್ದನೆಂಬುದನ್ನು ಗಮನಿಸಿದವರು ವಿರಳ. ಸುಮ್ಮನೆ ಕುಣಿದು ಹೊತ್ತು ಕಳೆಯುತ್ತಾನೆಂದು ಬೇಸರಪಡುವವರೂ ಉಂಟು. ಆದರೆ ಆಟದ ಗೆಲುವು ಸೋಲುಗಳು ಬಹುಮಟ್ಟಿಗೆ ನಿಶ್ಚಯವಾಗುವುದು ಆ ಕುಣಿತದಲ್ಲಿಯೇ.

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಸಾಯಗಾಂವ ಮಹಾರಾಷ್ಟ್ರದ ಗಡಿ ಸೀಮೆಗೆ ಸೇರಿದ ಊರು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಈ ಸೀಮೆಯೆಲ್ಲ ಹೈದರಾಬಾದ್ ರಾಜ್ಯದಲ್ಲಿತ್ತು. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ನಾಡು. ಆಟಕ್ಕೂ ಹಾಗೆಯೇ ಹಲವು ಹೆಸರು. ಪಶ್ಚಿಮದ ಮರಾಠಿ ಮುದುಕರ ಬಾಯಲ್ಲಿ ಅದು ಹುತುತು. ಪೂರ್ವದ ತೆಲುಗರಿಗೆ ಚೆಡುಗುಡು. ಶಾಲೆಯ ಮಕ್ಕಳಿಗೆ ಕಬಡ್ಡಿ. ಕೂಗುವ ಮಾತು ಬೇರೆಯಾದರೂ, ಉಸಿರು ಬಿಗಿಹಿಡಿದು ಹೋಗುವ ಎದೆಗಾರಿಕೆ ಒಂದೇ.

ಇಂಥ ಊರುಗಳ ಹುಡುಗರು ಭಾಲ್ಕಿಯ, ಬೀದರಿನ ಕಾಲೇಜುಗಳಿಗೆ ಬರುತ್ತಾರೆ. ಹೊಲದ ಕೆಲಸದಿಂದ ಗಟ್ಟಿಯಾದ ತೋಳು, ಜಾತ್ರೆಯ ಕುಸ್ತಿ ನೋಡಿ ಕಲಿತ ಪಟ್ಟು ಅವರ ಬಂಡವಾಳ. ಅವರಿಗೆ ಈ ಆಟ ಬರಿಯ ವಿನೋದವಲ್ಲ. ಕಾಲೇಜಿನ ತಂಡದಿಂದ ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ಮುಂದಕ್ಕೆ ಏರಿದವನಿಗೆ ರೈಲ್ವೆಯಲ್ಲಿಯೋ ಪೊಲೀಸ್ ಇಲಾಖೆಯಲ್ಲಿಯೋ ಬ್ಯಾಂಕಿನಲ್ಲಿಯೋ ಕ್ರೀಡಾಪಟುಗಳಿಗೆ ಮೀಸಲಾದ ಕೆಲಸ ದೊರೆಯುವ ಸಂಭವ ಉಂಟು. ಹಿಂದೆ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಈ ಜಿಲ್ಲೆಯ ಕಾಲೇಜುಗಳಿಗೆ ೨೦೨೩ರಲ್ಲಿ ಬೀದರ ವಿಶ್ವವಿದ್ಯಾಲಯವೇ ಪ್ರತ್ಯೇಕವಾಗಿ ಬಂದಿತು. ಎಂದರೆ, ಜಿಲ್ಲೆಯ ಹುಡುಗನಿಗೆ ಮೊದಲ ಮೆಟ್ಟಿಲು ಹತ್ತಿರವಾಯಿತು. ಆ ಮೆಟ್ಟಿಲನ್ನು ತೋಳ್ಬಲವೊಂದರಿಂದಲೇ ಹತ್ತಬಹುದೆಂದು ನಂಬಿದವನು ಮಾತ್ರ ನೇರವಾಗಿ ನುಗ್ಗುತ್ತಾನೆ, ಕೈ ಚಾಚುತ್ತಾನೆ, ಸಿಕ್ಕಿಬೀಳುತ್ತಾನೆ.

ಸಿಕ್ಕಿಬೀಳುವುದೇಕೆ ಎಂಬುದನ್ನು ತಿಳಿಯಲು ಅಂಕಣದ ಅಳತೆಯನ್ನು ಸ್ವಲ್ಪ ನೋಡಬೇಕು. ಪುರುಷರ ಅಂಕಣ ೧೩ ಮೀಟರ್ ಉದ್ದ, ೧೦ ಮೀಟರ್ ಅಗಲ. ಅಗಲದ ಎರಡು ಅಂಚಿನಲ್ಲಿ ಒಂದೊಂದು ಮೀಟರ್ ಪಟ್ಟಿ. ಅದಕ್ಕೆ ಲಾಬಿ ಎಂದು ಹೆಸರು. ಮುಟ್ಟಾಟ ನಡೆಯುವವರೆಗೆ ಲಾಬಿಗೆ ಕಾಲಿಡುವಂತಿಲ್ಲ. ನಡುಗೆರೆಯಿಂದ ೩.೭೫ ಮೀಟರ್ ಒಳಗೆ ದಾಳಿಗಾರ ದಾಟಲೇಬೇಕಾದ ಗೆರೆ; ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ; ಅಲ್ಲಿಂದ ಹಿಂದಿನ ಅಂಚಿಗೆ ಉಳಿದದ್ದು ಎರಡು ಮೀಟರೂ ಇಲ್ಲ. ಈ ಜಾಗದಲ್ಲಿ ಏಳು ಜನ ಕುಡುಗೋಲಿನಂತೆ ಬಾಗಿ ನಿಂತಿರುತ್ತಾರೆ. ಎರಡು ತುದಿಗಳಲ್ಲಿ ನಿಂತವರು ಮೂಲೆಯವರು; ಕಣಕಾಲು ಹಿಡಿಯುವುದು ಅವರ ಕಸುಬು. ನಡುವಿನವರು ಜೋಡಿಜೋಡಿಯಾಗಿ ಕೈ ಕೋದು ಸರಪಳಿ ಕಟ್ಟುವುದುಂಟು. ಒಳಹೊಕ್ಕವನು ಒಂದು ಮಗ್ಗುಲಿಗೆ ವಾಲಿದರೆ ಇನ್ನೊಂದು ಮಗ್ಗುಲಿನವರು ಅವನ ಬೆನ್ನ ಹಿಂದೆ ಸುತ್ತಿ ಬಂದು ದಾರಿ ಮುಚ್ಚುತ್ತಾರೆ. ಹೊಕ್ಕವನಿಗೆ ಇರುವ ಕಾಲ ೩೦ ಸೆಕೆಂಡು. ಹಿಂದಿನ ಕಾಲದಲ್ಲಿ ಗಡಿಯಾರವಿರಲಿಲ್ಲ. ಉಸಿರು ಎಷ್ಟು ಹೊತ್ತು ನಿಂತೀತೋ ಅಷ್ಟು ಹೊತ್ತು ದಾಳಿ. ದಮ್ಮಿದ್ದವನು ರಾಜ.

ಈಗ ಜಾಣ ದಾಳಿಗಾರನ ಕಾಲುಗಳನ್ನೇ ನೋಡಿ. ಅವನು ಎಡ ಮೂಲೆಯವನತ್ತ ಎರಡು ಹೆಜ್ಜೆ ಚುರುಕಾಗಿ ಸರಿದು ತಟ್ಟನೆ ನಿಲ್ಲುತ್ತಾನೆ. ಮುಟ್ಟುವ ಉದ್ದೇಶ ಅವನಿಗಿಲ್ಲ, ಅದೊಂದು ಪ್ರಶ್ನೆ. ಮೂಲೆಯವನು ಹಿಂದೆ ಜಿಗಿದನೆ? ನಿಂತಲ್ಲೇ ಬಗ್ಗಿದನೆ? ಅವನ ಪಕ್ಕದವನು ಕೈ ಬಿಟ್ಟನೆ? ಬಲಗಡೆಯವರು ಒಟ್ಟಾಗಿ ಮುಂದೆ ಬಂದರೆ, ಒಬ್ಬನೇ ಬಂದನೆ? ಅನಂತರ ಬೋನಸ್ ಗೆರೆಯ ಕಡೆಗೆ ಕಾಲು ಚಾಚುತ್ತಾನೆ. ಇದೂ ಪ್ರಶ್ನೆಯೇ. ಕಾಲು ಚಾಚಿದೊಡನೆ ಮುನ್ನುಗ್ಗಿ ಬರುವವನು ಯಾರು ಎಂದು ತಿಳಿದರೆ ಸಾಕು; ಮುಂದಿನ ಸಲ ಚಾಚಿದ ಕಾಲನ್ನು ಅರ್ಧದಲ್ಲೇ ಹಿಂದೆಳೆದು, ಮುನ್ನುಗ್ಗಿದವನ ಹೆಗಲನ್ನು ಕೈಯಿಂದ ತಟ್ಟಿ ಬರಬಹುದು. ಏಳು ಜನರ ಸರಪಳಿ ನಿಂತಾಗ ಗೋಡೆ. ಅದು ಚಲಿಸತೊಡಗಿದೊಡನೆ ಒಬ್ಬ ಬೇಗ, ಒಬ್ಬ ತಡ. ನಡುವೆ ಒಂದು ಸಂದು ತೆರೆಯುತ್ತದೆ. ಆ ಸಂದನ್ನು ತೆರೆಸುವುದೇ ಚಲನೆಯ ಗುಟ್ಟು.

ಇದೇ ಉಪಾಯ ಭೂಗೋಳದ ಇನ್ನೊಂದು ಮಗ್ಗುಲಿನಲ್ಲಿ ಬಹು ಶಾಸ್ತ್ರೀಯವಾಗಿ ಬೆಳೆದಿದೆ. ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಹನ್ನೊಂದು ಹನ್ನೊಂದು ಜನ ಎದುರುಬದುರು ಸಾಲುಗಟ್ಟಿ ನಿಲ್ಲುತ್ತಾರೆ. ನಡುವಿನವನು ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣದಲ್ಲಿ ಆಟ ಆರಂಭ. ಆ ಕ್ಷಣದಲ್ಲಿ ಚೆಂಡಿನ ಪಕ್ಷದವರಲ್ಲಿ ಒಬ್ಬನಿಗೆ ಮಾತ್ರ ಚಲಿಸುತ್ತಿರಲು ಅನುಮತಿ. ಅದೂ ಎದುರಾಳಿಗಳತ್ತ ಅಲ್ಲ, ಅಡ್ಡಲಾಗಿ ಅಥವಾ ಹಿಂದಕ್ಕೆ. ಈ ಒಬ್ಬನ ಅಡ್ಡ ನಡಿಗೆಯಿಂದ ಅವರು ದೊಡ್ಡ ಪ್ರಯೋಜನ ಪಡೆಯುತ್ತಾರೆ. ಅವನು ಈ ತುದಿಯಿಂದ ಆ ತುದಿಗೆ ಹೋದಾಗ ಎದುರಾಳಿಯೊಬ್ಬ ಅವನನ್ನೇ ಹಿಂಬಾಲಿಸಿ ಓಡಿದರೆ, ಒಬ್ಬೊಬ್ಬನಿಗೆ ಒಬ್ಬೊಬ್ಬನ ಕಾವಲು ಎಂದು ಸಾಮಾನ್ಯವಾಗಿ ಅರ್ಥ. ಯಾರೂ ಹಿಂಬಾಲಿಸದೆ ಇದ್ದಲ್ಲಿಯೇ ತುಸು ಸರಿದು ನಿಂತರೆ, ಕಾವಲು ಜಾಗಕ್ಕೆ, ಆಳಿಗಲ್ಲ. ಚೆಂಡೆಸೆಯುವವನು ಹಿಂದೆ ನಿಂತು ಇದನ್ನು ಓದಿಕೊಂಡು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುತ್ತಾನೆ.

ಅಲ್ಲಿ ನಡೆಯುವವನೊಬ್ಬ, ನೋಡುವವನಿನ್ನೊಬ್ಬ. ಕಬಡ್ಡಿಯಲ್ಲಿ ನಡೆಯುವವನೂ ನೋಡುವವನೂ ಮುಟ್ಟುವವನೂ ಸಿಕ್ಕಿಬೀಳುವವನೂ ಒಬ್ಬನೇ. ಸಾಲದ್ದಕ್ಕೆ ನಾಲಿಗೆ ಕ್ಷಣವೂ ಬಿಡದೆ ‘ಕಬಡ್ಡಿ, ಕಬಡ್ಡಿ’ ಎನ್ನುತ್ತಿರಬೇಕು. ಅಮೆರಿಕದವರ ಆಟಕ್ಕಿಂತ ನಮ್ಮದೇ ಕಠಿಣವೆಂದರೆ ಅದು ಬರಿಯ ಸ್ವದೇಶಾಭಿಮಾನದ ಮಾತಾಗಲಾರದು.

ಎದುರಾಳಿಯನ್ನು ತನ್ನ ಹಿಂದೆ ಸೆಳೆಯುವ ಈ ಚಲನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ೨೦೨೩ರ ಅಕ್ಟೋಬರ್ ೭ರಂದು ಚೀನದ ಹಾಂಗ್‌ಝೌ ನಗರದಲ್ಲಿ ಒಂದು ವಿಚಿತ್ರ ನಿದರ್ಶನ ದೊರೆಯಿತು. ಏಷ್ಯನ್ ಕ್ರೀಡೆಗಳ ಪುರುಷರ ಅಂತಿಮ ಪಂದ್ಯ. ಭಾರತಕ್ಕೆ ಎದುರಾಗಿ ಇರಾನ್. ಮುಗಿಯಲು ಒಂದು ನಿಮಿಷದಷ್ಟು ಕಾಲವಿರುವಾಗ ಉಭಯರಿಗೂ ೨೮ ಅಂಕ. ಭಾರತದ ನಾಯಕ ಪವನ್ ಸೆಹ್ರಾವತ್ ‘ಮಾಡು ಇಲ್ಲವೆ ಮಡಿ’ ದಾಳಿಗೆ ಹೊರಟರು. ಬೆಂಗಳೂರಿನ ವೃತ್ತಿಪರ ತಂಡಕ್ಕೆ ಆಡಿ, ೨೦೧೯ರ ಜನವರಿಯ ಅಂತಿಮ ಪಂದ್ಯದಲ್ಲಿ ಒಬ್ಬರೇ ೨೨ ದಾಳಿ ಅಂಕ ಗಳಿಸಿ ಪ್ರಶಸ್ತಿ ತಂದುಕೊಟ್ಟಿದ್ದ ಇವರು ಕನ್ನಡ ನಾಡಿನ ಪ್ರೇಕ್ಷಕರಿಗೆ ಚಿರಪರಿಚಿತರು. ಹಾಂಗ್‌ಝೌದಲ್ಲಿ ಪವನ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಅವರನ್ನು ಹಿಡಿಯುವ ಆವೇಶದಲ್ಲಿ ಇರಾನಿನ ನಾಲ್ವರು ಅವರ ಬೆನ್ನಿಗೇ ಲಾಬಿಗೆ ನುಗ್ಗಿದರು.

ಅಂಕ ಯಾರಿಗೆ? ಮುಟ್ಟದೆ ಲಾಬಿಗೆ ಹೋದ ದಾಳಿಗಾರ ಔಟ್ ಎಂಬುದರಲ್ಲಿ ವಿವಾದವಿರಲಿಲ್ಲ. ಅವನನ್ನು ಹಿಂಬಾಲಿಸಿ ಹೋದವರ ಗತಿಯೇನು? ಅಂತರರಾಷ್ಟ್ರೀಯ ನಿಯಮದಂತೆ ಅವರೂ ಔಟ್. ಭಾರತದ ವೃತ್ತಿಪರ ಲೀಗಿನ ನಿಯಮದಂತೆ ದಾಳಿಗಾರ ಮಾತ್ರ ಔಟ್. ತೀರ್ಪುಗಾರರು ಒಮ್ಮೆ ಹೀಗೆ, ಒಮ್ಮೆ ಹಾಗೆ ಎಂದರು. ಉಭಯ ಪಕ್ಷದವರೂ ಅಂಕಣದಲ್ಲಿಯೇ ಕುಳಿತುಬಿಟ್ಟರು. ಬಹು ಹೊತ್ತು ಆಟ ನಿಂತು, ಕೊನೆಗೆ ಭಾರತಕ್ಕೆ ನಾಲ್ಕು, ಇರಾನಿಗೆ ಒಂದು ಎಂದು ನಿರ್ಧಾರವಾಗಿ, ೩೩-೨೯ರಿಂದ ಚಿನ್ನ ಭಾರತಕ್ಕೆ ಬಂತು. ನಿಯಮದ ಚರ್ಚೆ ಪಂಡಿತರಿಗಿರಲಿ. ಕಾಲೇಜಿನ ಹುಡುಗ ಗಮನಿಸಬೇಕಾದದ್ದು ಬೇರೊಂದು: ಯಾರ ಮೈಯನ್ನೂ ಸೋಕದ ಒಬ್ಬ ಮನುಷ್ಯನ ಚಲನೆ ಜಗತ್ತಿನ ಅತ್ಯುತ್ತಮ ಹಿಡಿತಗಾರರಲ್ಲಿ ನಾಲ್ವರನ್ನು ಇರಬಾರದ ಜಾಗಕ್ಕೆ ಸೆಳೆದೊಯ್ದಿತು.

ಹಾಗೆಂದು ಸರಿದಾಡುವುದೊಂದನ್ನು ಕಲಿತರೆ ಗೆದ್ದಂತೆಯೇ ಎಂದು ತಿಳಿಯಲಾಗದು. ಅದೇ ಇರಾನ್ ೨೦೧೮ರಲ್ಲಿ ಜಕಾರ್ತದ ಉಪಾಂತ್ಯ ಪಂದ್ಯದಲ್ಲಿ ಭಾರತವನ್ನು ೨೭-೧೮ರಿಂದ ಸೋಲಿಸಿತು. ೧೯೯೦ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿ ಏಷ್ಯನ್ ಕ್ರೀಡೆಗಳನ್ನು ಸೇರಿದಂದಿನಿಂದ ಪುರುಷರ ಚಿನ್ನ ಭಾರತದ ಕೈ ತಪ್ಪಿದ್ದು ಅದೇ ಮೊದಲು. ಮರುದಿನ ಮಹಿಳೆಯರ ಅಂತಿಮ ಪಂದ್ಯವನ್ನೂ ಇರಾನ್ ೨೭-೨೪ರಿಂದ ಗೆದ್ದಿತು. ಆ ಮಹಿಳೆಯರಿಗೆ ಆಟ ಕಲಿಸಿದವರು ನಾಸಿಕದ ಶೈಲಜಾ ಜೈನ್ ಎಂಬುದು ಸ್ವಾರಸ್ಯದ ಸಂಗತಿ. ಕುಸ್ತಿಯ ನಾಡಾದ ಇರಾನಿನ ಬಲವಿರುವುದು ಹಿಡಿತದಲ್ಲಿ. ತಾಳ್ಮೆಯಿಂದ ಕಾಯಬಲ್ಲವನ ಮುಂದೆ ಪೊಳ್ಳು ಹೆಜ್ಜೆ ನಡೆಯದು. ಮುಟ್ಟಲಾರದಷ್ಟು ದೂರದಲ್ಲಿ ನಿಂತು ಎಷ್ಟು ಕುಣಿದರೂ ಅವನು ಕದಲುವುದಿಲ್ಲ. ಮುಟ್ಟಿದರೂ ಮುಟ್ಟಿಯಾನು ಎಂಬ ಭಯ ಹುಟ್ಟುವಷ್ಟು ಹತ್ತಿರ ಹೋದಾಗಲೇ ಪ್ರಶ್ನೆಗೆ ಉತ್ತರ. ಅಷ್ಟು ಹತ್ತಿರ ಹೋದಾಗಲೇ ಕಣಕಾಲಿಗೆ ಕುತ್ತು. ಹಿಡಿಯುವವರೂ ಕಪಟಿಗಳೇ, ಬೇಕೆಂದೇ ಸಂದು ತೆರೆದು ತೋರಿಸಿ, ನುಗ್ಗಿದೊಡನೆ ಮುಚ್ಚುವವರುಂಟು.

ಕಾಲೇಜು ತಂಡಗಳಲ್ಲಿ ಹೆಚ್ಚಾಗಿ ಕಾಣುವ ಕೊರತೆ ಹೆಜ್ಜೆಯದಲ್ಲ, ಮಾತಿನದು. ಅಂಕವಿಲ್ಲದೆ ಮರಳಿದ ದಾಳಿಯನ್ನು ಖಾಲಿ ದಾಳಿ ಎನ್ನುತ್ತಾರೆ. ಈಗಿನ ವೃತ್ತಿಪರ ನಿಯಮದಲ್ಲಿ ಒಂದು ತಂಡ ಸತತವಾಗಿ ಎರಡು ಸಲ ಖಾಲಿ ಮರಳಬಹುದು; ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಹೋದವನು ಔಟ್. ಎಂದರೆ ಎರಡು ಸಲ ಪ್ರಶ್ನೆ ಕೇಳಲು ಅವಕಾಶವಿದ್ದು, ಮೂರನೆಯ ಸಲ ಅದನ್ನು ಬಳಸಿಕೊಳ್ಳಬೇಕು. ಮೊದಲು ಹೋದವನು ತಾನು ಕಂಡದ್ದನ್ನು ಮುಂದೆ ಹೋಗುವವನ ಕಿವಿಗೆ ಹೇಳಿದರೆ ಆ ದಾಳಿ ಖಾಲಿ ಹೇಗಾದೀತು? ಆದರೆ ಬರಿಗೈಯಲ್ಲಿ ಬಂದ ಹುಡುಗನನ್ನು ಗೆಳೆಯರು ಗದರಿಸುತ್ತಾರೆ. ಅವನು ತಲೆ ತಗ್ಗಿಸಿ ಮೂಲೆಗೆ ಹೋಗಿ ನಿಲ್ಲುತ್ತಾನೆ. ನೋಡಿದ್ದು ಅವನಲ್ಲಿಯೇ ಉಳಿಯುತ್ತದೆ.

ಇದಕ್ಕೆ ದುಡ್ಡಿನ ಖರ್ಚಿಲ್ಲದ ಅಭ್ಯಾಸವೊಂದುಂಟು. ಸುಣ್ಣದ ಗೆರೆ ಎಳೆದ ಬಯಲು, ಏಳು ಜನ ಸಾಕು. ಒಳಹೊಕ್ಕವನು ೩೦ ಸೆಕೆಂಡು ಯಾರನ್ನೂ ಮುಟ್ಟಕೂಡದು. ಸುಮ್ಮನೆ ಚಲಿಸಿ ಬರಬೇಕು. ಬಂದೊಡನೆ ದೈಹಿಕ ಶಿಕ್ಷಣದ ಅಧ್ಯಾಪಕರು ಅವನ ಬೆನ್ನನ್ನು ಅಂಕಣದ ಕಡೆಗೆ ತಿರುಗಿಸಿ ಕೇಳಬೇಕು: ಕೈ ಕೋದವರು ಯಾರು ಯಾರು, ಎಡ ಮೂಲೆಯವನ ಯಾವ ಕಾಲು ಮುಂದಿತ್ತು, ನೀನು ಬಲಕ್ಕೆ ಸರಿದಾಗ ಮೊದಲು ಕದಲಿದವನು ಯಾರು? ಮೊದಲ ದಿನ ಯಾರೂ ಸರಿಯಾಗಿ ಹೇಳಲಾರರು. ಹೆಣ್ಣುಮಕ್ಕಳ ತಂಡಕ್ಕೆ ಇದು ಇನ್ನೂ ಅವಶ್ಯ. ಅವರ ಅಂಕಣ ೧೨ ಮೀಟರ್ ಉದ್ದ, ೮ ಮೀಟರ್ ಅಗಲ; ಲಾಬಿ ಕಳೆದರೆ ಅಡ್ಡಲಾಗಿ ಸರಿದಾಡಲು ದೊರೆಯುವುದು ಆರೇ ಮೀಟರ್. ಅಷ್ಟು ಇಕ್ಕಟ್ಟಿನಲ್ಲಿ ಆಡಿ ಬೆಳೆದು ಕರ್ನಾಟಕದ ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ ೨೦೧೦ ಮತ್ತು ೨೦೧೪ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಭಾರತ ತಂಡಗಳಲ್ಲಿದ್ದರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂತು.

ಉಳಿದದ್ದು ನೆಲದ ಮಾತು. ದೊಡ್ಡ ಪಂದ್ಯಗಳು ಈಗ ರಬ್ಬರಿನಂಥ ಚಾಪೆಯ ಮೇಲೆ, ಬೂಟು ತೊಟ್ಟು ನಡೆಯುತ್ತವೆ. ಅಲ್ಲಿ ಕಾಲು ಇಟ್ಟಲ್ಲಿಯೇ ಕಚ್ಚುತ್ತದೆ, ತಟ್ಟನೆ ತಿರುಗಬಹುದು. ಬರಿಗಾಲಿನಲ್ಲಿ ಮಣ್ಣಿನ ಮೇಲೆ ಬೆಳೆದ ಹುಡುಗ ಮೊದಲ ಸಲ ಚಾಪೆ ಏರಿದಾಗ ಅವನ ಹೆಜ್ಜೆಯ ಲೆಕ್ಕವೆಲ್ಲ ತಪ್ಪುತ್ತದೆ. ಭಾಲ್ಕಿ ಸೀಮೆಯ ಕರಿಮಣ್ಣಂತೂ ಮಳೆಗಾಲದಲ್ಲಿ ಅಂಗಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಕೆಂಪು ಮಣ್ಣು ತಂದು, ಜರಡಿ ಹಿಡಿದು, ನೀರು ಚಿಮುಕಿಸಿ ಹದಗೊಳಿಸಿದ ಅಂಕಣವಾದರೆ ಕಾಲು ಜಾರುವುದು ಕಡಿಮೆ. ಜಿಲ್ಲೆಗೆ ನಾಲ್ಕಾರು ಚಾಪೆಗಳು ದೊರೆತು, ಅವು ಬೀರುವಿನ ಹಿಂದೆ ಸುತ್ತಿ ಇಟ್ಟ ಸರಕಾಗದೆ ವಾರಕ್ಕೆರಡು ದಿನ ಹಳ್ಳಿಯ ಹುಡುಗರ ಕಾಲಿಗೆ ಸಿಕ್ಕರೆ, ಆಯ್ಕೆಯ ದಿನ ಅವರು ನೆಲ ನೋಡಿಕೊಂಡು ನಡೆಯಬೇಕಾಗುವುದಿಲ್ಲ. ಎದುರಿನ ಏಳು ಜೊತೆ ಕಾಲುಗಳನ್ನು ನೋಡಬಹುದು.