ಬಾಯಿಹುಣ್ಣು: ಲಕ್ಷಣಗಳು ಮತ್ತು ರೋಗನಿರ್ಣಯ

ಬಾಯಿಯ ಒಳಭಾಗದ ಲೋಳೆಪೊರೆಯು ಕಳಚಿ ಅದರಡಿಯ ಅಂಗಾಂಶವು ತೆರೆದುಕೊಂಡ ಸ್ಥಿತಿಯನ್ನು ಬಾಯಿಹುಣ್ಣು ಎನ್ನುತ್ತಾರೆ. ಬಹುಪಾಲು ಬಾಯಿಹುಣ್ಣುಗಳು ನಿರಪಾಯಕಾರಿಯಾಗಿದ್ದು ತಾವಾಗಿಯೇ ಮಾಯುತ್ತವೆ. ಇವುಗಳಿಗೆ ದೇಹದ 'ಉಷ್ಣ'ವೇ ಕಾರಣವೆಂಬ ನಂಬಿಕೆ ಕರ್ನಾಟಕದಲ್ಲಿ ರೂಢಿಯಲ್ಲಿದೆ. ಬೇಗ ಮಾಯುವ ಹುಣ್ಣಿನ ವಿಷಯದಲ್ಲಿ ಈ ನಂಬಿಕೆಯಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ವಾರಗಟ್ಟಲೆ ಮಾಯದ ಹುಣ್ಣನ್ನೂ ಉಷ್ಣವೆಂದೇ ಭಾವಿಸಿದರೆ ಬಾಯಿಯ ಕ್ಯಾನ್ಸರಿನ ಪತ್ತೆ ತಡವಾಗಬಹುದು.

ವಿಧಗಳು ಮತ್ತು ಲಕ್ಷಣಗಳು

ಪದೇ ಪದೇ ಕಾಣಿಸಿಕೊಳ್ಳುವ ಸಾಮಾನ್ಯ ಹುಣ್ಣಿಗೆ ಆಫ್ತಸ್ ಹುಣ್ಣು ಎಂದು ಹೆಸರು. ಇದು ದುಂಡಾಗಿ ಅಥವಾ ಅಂಡಾಕಾರವಾಗಿದ್ದು, ನಡುವೆ ಹಳದಿ ಮಿಶ್ರಿತ ಬಿಳಿ ಪೊರೆಯನ್ನೂ ಸುತ್ತಲೂ ಕೆಂಪು ಅಂಚನ್ನೂ ಹೊಂದಿರುತ್ತದೆ. ತುಟಿ ಹಾಗೂ ಕೆನ್ನೆಗಳ ಒಳಭಾಗ ಮತ್ತು ನಾಲಿಗೆಯ ಅಡಿಭಾಗ ಇದರ ಸಾಮಾನ್ಯ ಸ್ಥಾನಗಳು. ಇದರಲ್ಲಿ ಮೂರು ಬಗೆಗಳಿವೆ.

* ಕಿರಿಯ ಹುಣ್ಣು: 10 ಮಿ.ಮೀ.ಗಿಂತ ಚಿಕ್ಕದು, 7ರಿಂದ 14 ದಿನಗಳಲ್ಲಿ ಕಲೆ ಉಳಿಸದೆ ಮಾಯುತ್ತದೆ.
* ಹಿರಿಯ ಹುಣ್ಣು: 10 ಮಿ.ಮೀ.ಗಿಂತ ದೊಡ್ಡದು ಮತ್ತು ಆಳವಾದದ್ದು. ಮಾಯಲು ಹಲವು ವಾರಗಳು ಹಿಡಿಯುತ್ತವೆ, ಕಲೆ ಉಳಿಯಬಹುದು.
* ಗುಂಪು ಹುಣ್ಣು: 1ರಿಂದ 3 ಮಿ.ಮೀ.ನಷ್ಟು ಚಿಕ್ಕ ಹುಣ್ಣುಗಳು ಒಟ್ಟಾಗಿ ಏಳುತ್ತವೆ.

ಚೂಪಾದ ಹಲ್ಲು, ಸರಿಹೊಂದದ ಕೃತಕ ದಂತಪಂಕ್ತಿ ಹಾಗೂ ಎಲೆಯಡಿಕೆಯ ಸುಣ್ಣದಿಂದಲೂ ಹುಣ್ಣುಗಳಾಗುತ್ತವೆ. ಹರ್ಪಿಸ್ ವೈರಾಣುವಿನ ಸೋಂಕಿನಲ್ಲಿ ಮೊದಲು ನೀರುಗುಳ್ಳೆಗಳು ಎದ್ದು, ಅವು ಒಡೆದು ಹುಣ್ಣಾಗುತ್ತವೆ. ಮೊದಲ ಬಾರಿ ಸೋಂಕು ತಗುಲಿದಾಗ ಜ್ವರವೂ ಇರಬಹುದು. ದೇವನಹಳ್ಳಿಯ ಪ್ರಸಿದ್ಧ ಚಕ್ಕೋತದಂತಹ ಹುಳಿಹಣ್ಣುಗಳು ಹುಣ್ಣಿಗೆ ತಗುಲಿದಾಗ ಉರಿಯನ್ನು ಹೆಚ್ಚಿಸುತ್ತವೆ.

ರೋಗನಿರ್ಣಯ

ಹುಣ್ಣು ಎಷ್ಟು ದಿನಗಳಿಂದ ಇದೆ, ಎಲ್ಲಿದೆ, ಮರುಕಳಿಸುತ್ತದೆಯೇ ಎಂಬ ವಿವರ ಹಾಗೂ ನೇರ ಪರೀಕ್ಷೆಯಿಂದಲೇ ವೈದ್ಯರು ಸಾಮಾನ್ಯವಾಗಿ ರೋಗವನ್ನು ಗುರುತಿಸುತ್ತಾರೆ. ಆಫ್ತಸ್ ಹುಣ್ಣನ್ನು ಖಚಿತಪಡಿಸುವ ಪ್ರತ್ಯೇಕ ಪ್ರಯೋಗಾಲಯ ಪರೀಕ್ಷೆ ಇಲ್ಲ. ಹುಣ್ಣು ಪದೇ ಪದೇ ಮರುಕಳಿಸಿದರೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ತ್ವದ ಕೊರತೆಯನ್ನು ತಿಳಿಯಲು ರಕ್ತಪರೀಕ್ಷೆ ಮಾಡಿಸಲಾಗುತ್ತದೆ. ಕಣ್ಣು ಅಥವಾ ಜನನಾಂಗದ ತೊಂದರೆಗಳೂ ಜೊತೆಗಿದ್ದರೆ ಬೆಹ್ಸೆಟ್ ಕಾಯಿಲೆಯನ್ನು ಪರಿಗಣಿಸಬೇಕಾಗುತ್ತದೆ.

ಕ್ಯಾನ್ಸರಿನ ಶಂಕೆ

ಆಫ್ತಸ್ ಹುಣ್ಣು ಚಿಕ್ಕದಾದರೂ ಬಹಳ ನೋಯುತ್ತದೆ; ಕ್ಯಾನ್ಸರಿನ ಹುಣ್ಣು ಆರಂಭದಲ್ಲಿ ನೋವಿಲ್ಲದೆಯೂ ಇರಬಹುದು. ಆದುದರಿಂದ ನೋವಿಲ್ಲವೆಂದು ನಿರ್ಲಕ್ಷಿಸುವುದು ಸರಿಯಲ್ಲ. ಗಟ್ಟಿಯಾದ ಅಥವಾ ಉಬ್ಬಿದ ಅಂಚು, ರಕ್ತಸ್ರಾವ, ಕೆಂಪು ಅಥವಾ ಬಿಳಿ ಮಚ್ಚೆ, ಕುತ್ತಿಗೆಯಲ್ಲಿ ಗಂಟು ಇವು ಅಪಾಯದ ಚಿಹ್ನೆಗಳು. ಬಾಯಿ ತೆರೆಯುವುದು ಕ್ರಮೇಣ ಕಷ್ಟವಾಗುವುದು ಅಡಿಕೆ ಜಗಿಯುವವರಲ್ಲಿ ಕಾಣುವ ಲೋಳೆಪೊರೆಯ ನಾರುಗಟ್ಟುವಿಕೆಯ ಲಕ್ಷಣವಾಗಿರಬಹುದು. ಇದೂ ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದು. ಹೊಗೆಸೊಪ್ಪು ಮಾತ್ರವಲ್ಲದೆ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರ ವರದಿಯಲ್ಲಿ ತಿಳಿಸಿದೆ.

ಎರಡರಿಂದ ಮೂರು ವಾರಗಳು ಕಳೆದರೂ, ಚೂಪಾದ ಹಲ್ಲಿನಂತಹ ಕಾರಣವನ್ನು ನಿವಾರಿಸಿದರೂ ಮಾಯದ ಹುಣ್ಣಿನ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಚಿಕಿತ್ಸಾ ಸೌಲಭ್ಯ

ಮೊದಲ ತಪಾಸಣೆಯನ್ನು ಸಮೀಪದ ದಂತವೈದ್ಯರಲ್ಲಿಯೇ ಮಾಡಿಸಬಹುದು. ದೇವನಹಳ್ಳಿ ತಾಲ್ಲೂಕಿನವರಿಗೆ ಹೆಚ್ಚಿನ ಪರೀಕ್ಷೆಗಾಗಿ ಸುಮಾರು 40 ಕಿ.ಮೀ. ದೂರದ ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇವೆ. ಬಾಯಿಯ ಕ್ಯಾನ್ಸರನ್ನು ಆರಂಭದಲ್ಲಿಯೇ ಗುರುತಿಸಿದರೆ ಗುಣಪಡಿಸುವ ಸಾಧ್ಯತೆ ಹೆಚ್ಚು.